ಎಪ್ಪೆವೆರ್ಡ್ ಗ್ರಾಮದ ಸಮಗ್ರ ಇತಿಹಾಸ, ಹಸಿರು ಬೆಂಚಿನವರೆಗೆ

ಎಪ್ಪೆವೆರ್ಡ್, ಗ್ರೋನಿಂಗನ್ ಸೀಮೆ
೧೪ ಜನವರಿ ೧೯೭೩, ಭಾನುವಾರ

ಸಮಸ್ತ ಕಡಲೊಡ್ಡುಗಳ ಮೇಲೆ ಬ್ರೇಕಿಲ್ಲದ ಸೈಕಲ್ಲನ್ನು ಓಡಿಸಿದವರೂ, ಪರರ ಕೋಳಿಗೂಡಿನ ಬಾಗಿಲನ್ನು ಕೋಳಿಗಳಿಗೇ ಗೊತ್ತಾಗದಂತೆ ಬಿಚ್ಚುವುದರಲ್ಲಿ ಪ್ರವೀಣರೂ, ಮಹಾರಾಣಿಯವರ ದಂಡಿನಲ್ಲಿ ಹದಿನಾರು ತಿಂಗಳು ಆಲೂಗಡ್ಡೆ ಸುಲಿದು ದೇಶವನ್ನು ಶತ್ರುಗಳಿಂದ ಕಾಪಾಡಿದವರೂ, ಬಲಗಿವಿಗಿಂತ ದೊಡ್ಡದಾದ ಎಡಗಿವಿಯುಳ್ಳವರೂ ಆದ ಶ್ರೀಮಾನ್ ವುಬ್ಬೊ ಡೈಕೆಮ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಎಪ್ಪೆವೆರ್ಡ್ ಗ್ರಾಮದ ಅಧಿಕೃತ ಇತಿಹಾಸಕಾರಳೂ, ಹತ್ತೊಂಬತ್ತು ಮನೆಗಳಲ್ಲಿ ಉಳಿದಿರುವ ನಾಲ್ಕು ಮನೆಗಳ ಏಕೈಕ ಯುವ ಪ್ರಜೆಯೂ ಆದ ಗೇಸ್ಕೆ ಮಾಡುವ ಸಾಷ್ಟಾಂಗ ವಂದನೆಗಳು.

ನಾವೆಲ್ಲ ಕ್ಷೇಮ. ನಾವೆಲ್ಲ ಅಂದರೆ ಅಪ್ಪ, ಅಮ್ಮ, ನಾನು, ಟ್ರೈಂಟ್ಯೆ ಅಜ್ಜಿ, ಬೇಕರಿಯ ರೈಂಟ್, ಪೊಪ್ಕೊ ಮೇಷ್ಟ್ರು. ಜನಗಣತಿ ಇಲ್ಲಿಗೆ ಮುಗಿಯಿತು. ನಿಮ್ಮಮ್ಮ ಫೆನ್ನ ಅತ್ತೆಯ ಉಬ್ಬಸ ಹೇಗಿದೆ? ಪಟ್ಟಣದ ಮನೆಯಲ್ಲಿ ಬಿಸಿಗಾಳಿ ಗೋಡೆಯಿಂದಲೇ ಬರುತ್ತದಂತೆ, ಒಲೆ ಉರಿಸುವ ಕೆಲಸವೇ ಇಲ್ಲವಂತೆ. ಅತ್ತೆ ಕೈ ಕಟ್ಟಿ ಕೂತಿರುವುದನ್ನು ನೆನೆಸಿಕೊಳ್ಳಲು ನನಗಂತೂ ಆಗುತ್ತಿಲ್ಲ.

ಈ ಕಾಗದ ಅಕ್ಟೋಬರಿನಲ್ಲೇ ಬರಬೇಕಿತ್ತು, ಗೊತ್ತು. ಡೆರ್ಕ್ ಮಾವ ಹೋದ ಸುದ್ದಿ ಬಂದ ದಿನವೇ ಕೂತೆ. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಅದು ಅಂಗಡಿಯಲ್ಲಿ ಮಾರುವ ಕಪ್ಪಂಚಿನ ಸಂತಾಪದ ಕಾರ್ಡಿನ ಹಾಗೆ ಕಾಣಿಸಿತು. ಮೂರನ್ನೂ ಒಲೆಗೆ ಹಾಕಿದೆ. ನಿಮ್ಮಪ್ಪನನ್ನು ಕಳೆದುಕೊಂಡ ನಿನಗೆ, 'ನಿಮ್ಮ ತುಂಬಲಾರದ ನಷ್ಟದಲ್ಲಿ ನಾವೂ' ಅಂತ ನಾನು ಬರೆದಿದ್ದರೆ ನೀನು ನಗುತ್ತಿದ್ದೆ. ನಕ್ಕಿದ್ದರೆ ಒಳ್ಳೆಯದೇ ಆಗುತ್ತಿತ್ತೇನೋ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಹಸಿರು ಬೆಂಚು ಚರ್ಚ್ ಅಂಗಳದಲ್ಲಿದೆ. ಹೊಸ ವರ್ಷದ ಬೆಳಗಿನಿಂದ ಅಲ್ಲೇ ಇದೆ. ಫೆಬ್ರವರಿ ಹನ್ನೆರಡರ ಸೋಮವಾರ ಹೊಸ ಬಂದರು ಕಟ್ಟುವವರು ಕೊಳವೆ ಹಾಕಿ ಊರಿನ ಮೇಲೆ ಮರಳು ಸುರಿಯಲು ಶುರು ಮಾಡುತ್ತಾರೆ. ಅಷ್ಟರೊಳಗೆ ನೀನೇ ಬಂದು ಅದನ್ನು ತೆಗೆದುಕೊಂಡು ಹೋಗಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ, ನಿಯಮ ನಿನಗೆ ಗೊತ್ತಲ್ಲ. ನೀನು ಬರುವುದಿಲ್ಲ ಅನ್ನುವ ಅನುಮಾನ ಇರುವುದರಿಂದ, ಇತಿಹಾಸದ ಸಹಾಯ ಪಡೆಯುತ್ತಿದ್ದೇನೆ.

ಇತಿಹಾಸ ಯಾಕೆ ಅಂದರೆ ಪೊಪ್ಕೊ ಮೇಷ್ಟ್ರ ಅಪ್ಪಣೆ. ಊರು ಮುಚ್ಚುವ ದಿನ ಹಂಚಲು ಒಂದು ಪುಸ್ತಿಕೆ ಅಚ್ಚು ಹಾಕಿಸುತ್ತಾರಂತೆ. ಮೊನ್ನೆ ನನ್ನನ್ನು ಕರೆದು, "ಗೇಸ್ಕೆ, ನಿನ್ನ ಅಕ್ಷರ ದುಂಡಗಿದೆ. ಊರಿನ ಚರಿತ್ರೆ ಎರಡು ಪುಟ ಬರೀ. ತಮಾಷೆ ಬೇಡ" ಅಂದರು.

"ಚರಿತ್ರೇಲೇ ತಮಾಷೆ ಇದ್ರೆ ಏನ್ಮಾಡ್ಲಿ ಮೇಷ್ಟ್ರೇ?"

"ತೆಗೆದುಹಾಕು."

"ತೆಗೆದ್ರೆ ಎರಡು ಪುಟ ತುಂಬಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಲವತ್ತು ಮಕ್ಕಳಿಗೆ ಪಾಠ ಹೇಳಿದ ಕೋಣೆಯಲ್ಲಿ ಈಗ ಅವರ ಆಲೂಗಡ್ಡೆ ಮೂಟೆ ಇದೆ. ಬೈಯಲು ಇನ್ನು ನಾನೊಬ್ಬಳೇ ಸಿಗುವುದರಿಂದ ಸ್ವಲ್ಪ ಉಳಿಸಿ ಉಳಿಸಿ ಬೈಯುತ್ತಾರೆ. ಇರಲಿ. ಕರಡನ್ನು ನಿನ್ನ ಅವಗಾಹನೆಗೆ ಒಪ್ಪಿಸುತ್ತಿದ್ದೇನೆ.

ಅಧ್ಯಾಯ ಒಂದು: ಸಗಣಿ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಪೂರ್ವಿಕರು ಈ ಕೆಸರಿಗೆ ಬಂದರು. ದಿನಕ್ಕೆ ಎರಡು ಸಲ ಕಡಲು ಬಂದು ಕಾಲು ತೊಳೆದು ಹೋಗುತ್ತಿತ್ತು. ಬುದ್ಧಿಯಿದ್ದವರು ಬೇರೆ ಕಡೆ ಹೋದರು. ಉಳಿದವರು ನಮ್ಮ ವಂಶದವರು. ಅವರು ಹಸುಗಳ ಸಗಣಿ, ಜೇಡಿಮಣ್ಣು, ಒಡೆದ ಮಡಕೆ, ಮುರಿದ ಚಮಚ ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿದರು. ಗುಡ್ಡೆಯ ಮೇಲೆ ಮನೆ ಕಟ್ಟಿದರು. ಕಡಲು ಏರಿದಾಗಲೆಲ್ಲ ಇನ್ನಷ್ಟು ಸಗಣಿ ಹಾಕಿದರು. ಹೀಗೆ ಸಾವಿರ ವರ್ಷ ಸಗಣಿ ಹಾಕಿ, ಕೊನೆಗೆ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಚರ್ಚು ಕಟ್ಟಿ, ತಲೆಯೆತ್ತಿ ನೋಡಿ, ಇದು ಊರು ಅಂದರು.

ಅಧ್ಯಾಯ ಎರಡು: ನೀರು. ೧೭೧೭ರ ಕ್ರಿಸ್‌ಮಸ್ ದಿನ ಒಡ್ಡು ಒಡೆಯಿತು. ನಮ್ಮೂರಿನಲ್ಲಿ ನಲವತ್ತೊಂದು ಜನ ಹೋದರು. ಉಳಿದವರು ಚರ್ಚಿನೊಳಗೆ ಒಂಬತ್ತು ದಿನ ಇದ್ದರು. ಒಂದು ಹಸುವೂ ಈಜಿಕೊಂಡು ಬಂದು ಪಾದ್ರಿಯ ಪೀಠದ ಮೆಟ್ಟಿಲ ಮೇಲೆ ನಿಂತಿತು. ಆ ಒಂಬತ್ತು ದಿನವೂ ಎಲ್ಲರಿಗೂ ಹಾಲು ಕೊಟ್ಟಿದ್ದು ಅದೇ. ಅಷ್ಟು ಒಳ್ಳೆಯ ಪ್ರವಚನ ಆ ಪೀಠದಿಂದ ಆಮೇಲೆ ಬಂದಿಲ್ಲ ಅಂತ ಟ್ರೈಂಟ್ಯೆ ಅಜ್ಜಿ ಹೇಳುತ್ತಾಳೆ. ಮೇಷ್ಟ್ರು ಈ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ನಾನು ಮತ್ತೆ ಬರೆದಿದ್ದೇನೆ.

ಅಧ್ಯಾಯ ಮೂರು: ಮಾರಾಟ. ಇದನ್ನು ನೀನು ಗಮನವಿಟ್ಟು ಓದಬೇಕು. ನಮ್ಮ ಮುತ್ತಜ್ಜಂದಿರ ಕಾಲಕ್ಕೆ, ಈ ದಿಬ್ಬದ ಮಣ್ಣು ಒಳ್ಳೆಯ ಗೊಬ್ಬರ ಅನ್ನುವುದು ದಕ್ಷಿಣದ ಬಡನೆಲದ ಆಲೂಗಡ್ಡೆ ರೈತರಿಗೆ ಗೊತ್ತಾಯಿತು. ಮುತ್ತಜ್ಜಂದಿರು ಸಲಿಕೆ ಹಿಡಿದರು. ಕಾಲುವೆಯಲ್ಲಿ ದೋಣಿ ನಿಲ್ಲಿಸಿ, ಊರನ್ನೇ ಅಗೆದು ತುಂಬಿ ಕಳಿಸಿದರು. ಉತ್ತರದ ಅರ್ಧ ದಿಬ್ಬ ಹಾಗೆ ಹೋಯಿತು. ಚರ್ಚಿನ ಹಿಂದೆ ಒಮ್ಮೆಲೇ ಕಡಿದಾಗಿ ಬೀಳುವ ಆ ಅಂಚಿದೆಯಲ್ಲ, ನಾವು ಹಲಗೆ ಹಾಕಿಕೊಂಡು ಜಾರುತ್ತಿದ್ದದ್ದು, ಅದು ದೇವರು ಮಾಡಿದ್ದಲ್ಲ, ನಿನ್ನ ಮುತ್ತಜ್ಜ ಮತ್ತು ನನ್ನ ಮುತ್ತಜ್ಜ ಸೇರಿ ಮಾಡಿದ್ದು. "ನಮ್ಮಜ್ಜ ತನ್ನ ಅಜ್ಜನ ಅಂಗಳಾನೇ ಆಲೂಗಡ್ಡೆಯೋರಿಗೆ ಮಾರಿದ ಕಣೆ. ದೋಣೀಲಿ ಮೂಳೆ ಸಿಕ್ರೆ ಟೋಪಿ ತೆಗೀತಿದ್ರು, ಆಮೇಲೆ ಮತ್ತೆ ಅಗೀತಿದ್ರು" ಅಂತ ಅಜ್ಜಿ ಮೊನ್ನೆ ಕಾಫಿ ಕುಡಿಯುತ್ತಾ ಹೇಳಿದಳು.

ಆದ್ದರಿಂದ, ಎಪ್ಪೆವೆರ್ಡನ್ನು ಮೊದಲು ಮಾರಿದವನು ಡೆರ್ಕ್ ಡೈಕೆಮ ಅನ್ನುವ ಮಾತು ಐತಿಹಾಸಿಕವಾಗಿ ತಪ್ಪು. ಇದನ್ನು ನಾನು ಪುಸ್ತಿಕೆಯಲ್ಲಿ ಹಾಕುತ್ತಿದ್ದೇನೆ. ಮೇಷ್ಟ್ರ ಶಾಯಿ ಮುಗಿಯುವವರೆಗೆ ಹಾಕುತ್ತಿರುತ್ತೇನೆ.

ನಿಮ್ಮಪ್ಪ ಬಂದರಿನ ಕಚೇರಿಯಲ್ಲಿ, ಮನೆ ಬಿಟ್ಟುಕೊಡುವ ಪತ್ರಕ್ಕೆ ಮೊದಲ ಸಹಿ ಮಾಡಿದ್ದು ೧೯೭೧ರ ನವೆಂಬರಿನಲ್ಲಿ. ಮೂವತ್ತು ವರ್ಷ ಕಡಲೊಡ್ಡಿನ ಕಾವಲು ಕಾದವನು. ಫೆನ್ನ ಅತ್ತೆಯ ಎದೆ ಈ ಗಾಳಿಯಲ್ಲಿ ಇನ್ನೊಂದು ಚಳಿಗಾಲ ತಡೆಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಮೊದಲು ಒಪ್ಪಿದವರಿಗೆ ಮೆಟ್ಟಿಲಿಲ್ಲದ ಮನೆ ಸಿಗುತ್ತದೆ ಅಂತ ಕಚೇರಿಯವರು ಹೇಳಿದ್ದರು. ಅಷ್ಟೇ ಕತೆ. ಆದರೆ ಆ ಡಿಸೆಂಬರಿನಲ್ಲಿ ಊರಿನಲ್ಲಿ ಯಾರಿಗೂ ಅಷ್ಟೇ ಕತೆ ಬೇಕಿರಲಿಲ್ಲ. "ಕಡಲು ಬಂದ್ರೆ ಕೂಗ್ಲಿ ಅಂತ ಒಡ್ಡಿನ ಮೇಲೆ ನಿಲ್ಸಿದ್ವಿ. ಇವ್ನು ಬಾಗಿಲು ತೆಗೆದ" ಅಂತ ರೈಂಟ್ ಬ್ರೆಡ್ ಕೊಡುತ್ತಾ ಪ್ರತಿ ಮನೆಯಲ್ಲೂ ಹೇಳಿಕೊಂಡು ಬಂದ. ಬೇಸಿಗೆಯ ಹೊತ್ತಿಗೆ ಹತ್ತೊಂಬತ್ತು ಮನೆಯವರೂ ಸಹಿ ಹಾಕಿಯಾಗಿತ್ತು, ರೈಂಟನೂ ಸೇರಿ. ನಮ್ಮಪ್ಪ ಅಡುಗೆಮನೆಯಲ್ಲಿ, ಮದುವೆಯಲ್ಲಿ ಉಡುಗೊರೆ ಬಂದ ಪೆನ್ನಿನಲ್ಲಿ ಹಾಕಿದ. ಅಮ್ಮ ಆ ಹೊತ್ತಿಗೆ ಸರಿಯಾಗಿ ಬಟಾಣಿ ಸಾರು ತಳ ಹಿಡಿಸಿದಳು.

ಅಧ್ಯಾಯ ನಾಲ್ಕು: ಎಳೆದಾಟ. ಈ ಕಲೆಯಲ್ಲಿ ನೀನು ನನ್ನ ಗುರು, ಆದರೂ ಪುಸ್ತಿಕೆ ಓದುವ ಪಟ್ಟಣದವರಿಗಾಗಿ ಬರೆಯಬೇಕು. ವರ್ಷದ ಕೊನೆಯ ರಾತ್ರಿ ಊರಿನ ಹುಡುಗ ಹುಡುಗಿಯರು ಪ್ರತಿ ಮನೆಯ ಅಂಗಳಕ್ಕೂ ನುಗ್ಗಿ, ಬೀಗ ಹಾಕದ್ದನ್ನೆಲ್ಲ ಎಳೆದು ತಂದು ಚರ್ಚ್ ಅಂಗಳದಲ್ಲಿ ರಾಶಿ ಹಾಕುತ್ತಾರೆ. ಗಾಡಿ, ಗೇಟು, ಏಣಿ, ಹಾಲಿನ ಡಬ್ಬ, ಒಮ್ಮೆ ಪಾದ್ರಿಯ ಶೌಚಾಲಯದ ಬಾಗಿಲು. ಬೆಳಿಗ್ಗೆ ಯಜಮಾನ ತಾನೇ ಬಂದು ಹುಡುಕಿ ಒಯ್ಯಬೇಕು. ಕೋಪ ಮಾಡಿಕೊಳ್ಳುವಂತಿಲ್ಲ. ಎಳೆದವರಿಗೆ ಬ್ರಾಂಡಿಯಲ್ಲಿ ನೆನೆಸಿದ ದ್ರಾಕ್ಷಿ ಕೊಡಬೇಕು. ಯಾರ ಮನೆಯಿಂದ ಏನನ್ನೂ ಎಳೆಯಲಿಲ್ಲವೋ ಅವರು ಮಾತ್ರ ತಲೆ ತಗ್ಗಿಸಬೇಕು. ಊರಿನ ಲೆಕ್ಕದಲ್ಲಿ ಅವರು ಇಲ್ಲ ಅಂತ ಅರ್ಥ. ಬಾಯಲ್ಲಿ ಹೇಳುವ ಅಗತ್ಯವೇ ಇರಲಿಲ್ಲ.

ಡೆರ್ಕ್ ಮಾವನಷ್ಟು ಚೆನ್ನಾಗಿ ಈ ಆಟವನ್ನು ಬೇರೆ ಯಾವ ದೊಡ್ಡವರೂ ಆಡಲಿಲ್ಲ. ಒಡೆದ ಹಡಗಿನ ಹಲಗೆಯಿಂದ ಮಾಡಿದ ಆ ಬೆಂಚನ್ನು, ವರ್ಷದ ಕೊನೆಯ ದಿನ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ, ಹಸಿರು ಬಣ್ಣ ಬಳಿದು ಬಾಗಿಲ ಮುಂದೆ ಇಡುತ್ತಿದ್ದ. ಆ ಚಳಿಯಲ್ಲಿ ಬೆಳಗಿನವರೆಗೂ ಅದು ಒಣಗುತ್ತಿರಲಿಲ್ಲ. ಹೊಸ ವರ್ಷದ ದಿನ ಒಂಟಿಚಕ್ರದ ಗಾಡಿ ತಳ್ಳಿಕೊಂಡು, ದ್ರಾಕ್ಷಿ ಜಾಡಿ ಕಂಕುಳಲ್ಲಿ ಇಟ್ಟುಕೊಂಡು ಬಂದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಂಭೀರವಾಗಿ, "ಎಲ್ಲಿ, ಕೈ ತೋರ್ಸಿ" ಅನ್ನುತ್ತಿದ್ದ. ಹಸಿರು ಅಂಗೈಗಳನ್ನು ಒಂದೊಂದಾಗಿ ನೋಡಿ, "ಓಹೋ, ಕಳ್ರು ಇಲ್ಲಿದಾರೆ. ಬೇರೆಯವ್ರಿಗೆ ಒಂದ್ಚಮಚ, ಕಳ್ರಿಗೆ ಎರಡು" ಅಂತ ಹಂಚುತ್ತಿದ್ದ. ನನಗೆ ಏಳು ವರ್ಷವಿದ್ದಾಗ ನೀವು ನನ್ನನ್ನು ಎಳೆದಾಟಕ್ಕೆ ಸೇರಿಸಿರಲಿಲ್ಲ. ಬೆಳಿಗ್ಗೆ ಎದ್ದು ಓಡಿಹೋಗಿ ಎರಡೂ ಕೈ ಬೆಂಚಿನ ಮೇಲೆ ಒತ್ತಿಕೊಂಡು ಸಾಲಿನಲ್ಲಿ ನಿಂತೆ. ಅವನಿಗೆ ಗೊತ್ತಿತ್ತು. ನನಗೂ ಎರಡು ಚಮಚ ಕೊಟ್ಟ. ಅಮ್ಮ ಆ ದಿನ ನನ್ನನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾಯಿತು.

ಮುಂದಿನ ಅಧ್ಯಾಯಕ್ಕೆ ಹೆಸರು ಹೊಳೆಯಲಿಲ್ಲ.

೧೯೭೧ರ ಕೊನೆಯಲ್ಲಿ ನೀನು ಜರ್ಮನಿಯ ಶಿಬಿರದಲ್ಲಿ ನಮ್ಮ ದಂಡಿನ ಜೊತೆಗಿದ್ದೆ, ಹೊಸ ವರ್ಷಕ್ಕೆ ರಜೆ ಸಿಗಲಿಲ್ಲ. ಎಳೆದಾಟಕ್ಕೆ ನಾವು ಆರು ಜನ, ನಾಯಕತ್ವ ನನ್ನದು. ಆ ವರ್ಷ ನಿಮ್ಮ ಮನೆಯಿಂದ ಏನನ್ನೂ ಎಳೆಯಲಿಲ್ಲ. ಬೇಡ ಅಂತ ಮೊದಲು ಯಾರು ಹೇಳಿದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ರೈಂಟನ ಅವಳಿ ಮಕ್ಕಳು ಅಂತ ಕೆಲವರು, ದೊಡ್ಡವರ ಒತ್ತಾಯ ಅಂತ ಕೆಲವರು. ಊರಿನ ತೀರ್ಮಾನ ಅಂತ ಇತಿಹಾಸ ದಾಖಲಿಸುತ್ತದೆ.

ಬೆಳಿಗ್ಗೆ ನಿಮ್ಮಪ್ಪ ಗಾಡಿ ತಳ್ಳಿಕೊಂಡು ಬಂದ. ಬೆಂಚು ಬಾಗಿಲ ಮುಂದೆಯೇ ಇರುವುದನ್ನು ನೋಡಿಕೊಂಡೇ ಬಂದಿದ್ದ. ಬೇರೆ ಏನಾದರೂ ಎಳೆದಿರಬಹುದು ಅಂದುಕೊಂಡಿದ್ದನೋ ಏನೋ, ರಾಶಿಯ ಸುತ್ತ ಒಂದು ಸುತ್ತು ಹಾಕಿದ. ಒಂದು ಏಣಿ ಎತ್ತಿ ನೋಡಿ, "ಇದು ರೈಂಟಂದು" ಅಂದು ಕೆಳಗಿಟ್ಟ. ಒಂದು ಬಕೆಟ್ ನೋಡಿದ. ಅದೂ ಅವನದಲ್ಲ. ಎಲ್ಲರೂ ತಂತಮ್ಮ ಸಾಮಾನು ಹುಡುಕುವುದರಲ್ಲಿ ಇದ್ದಕ್ಕಿದ್ದಂತೆ ತುಂಬ ಮಗ್ನರಾದರು. ಕೊನೆಗೆ ನಮ್ಮ ಮುಂದೆ ಬಂದು ನಿಂತು, ವಾಡಿಕೆ ಬಿಡದೆ, "ಎಲ್ಲಿ, ಕೈ ತೋರ್ಸಿ" ಅಂದ. ತೋರಿಸಿದೆವು. ಹನ್ನೆರಡು ಕೈಗಳೂ ಸ್ವಚ್ಛವಾಗಿದ್ದವು. ಎಲ್ಲರಿಗೂ ಒಂದೊಂದು ಚಮಚ ದ್ರಾಕ್ಷಿ ಕೊಟ್ಟು, ಖಾಲಿ ಗಾಡಿ ತಳ್ಳಿಕೊಂಡು ವಾಪಸ್ಸು ಹೋದ. ಆ ಗಾಡಿಯ ಚಕ್ರ ಕೀಚುಗುಟ್ಟುತ್ತಿತ್ತಲ್ಲ, ದಿಬ್ಬದ ಕೆಳಗಿನ ತಿರುವಿನವರೆಗೂ ಕೇಳಿಸುತ್ತಿತ್ತು.

ಆಮೇಲೆ ಆಗಿದ್ದು ನಿನಗೆ ಗೊತ್ತು. ಮಾರ್ಚಿನಲ್ಲಿ ಲಾರಿ ಬಂದಾಗ ಸಾಮಾನು ಹೊರಲು ಒಬ್ಬ ನೆರೆಯವನೂ ಬರಲಿಲ್ಲ. ಹುಡುಗರೇ ಎಳೆದಿಲ್ಲ ಅಂದಮೇಲೆ ನಾವ್ಯಾಕೆ ಹೋಗೋದು ಅಂತ ದೊಡ್ಡವರು ಅಂದುಕೊಂಡರು. ರಜೆ ಹಾಕಿ ಬಂದಿದ್ದ ನೀನೂ ಡೆರ್ಕ್ ಮಾವನೂ ಬೀರುವನ್ನು ಇಬ್ಬರೇ ಎತ್ತಿದಿರಿ. ನಾನು ಕಿಟಕಿಯ ಪರದೆಯ ಹಿಂದಿದ್ದೆ. ನೀನು ಒಂದು ಸಲ ನಮ್ಮ ಮನೆಯ ಕಡೆ ನೋಡಿದೆ. ಬೆಂಚನ್ನು ಮಾತ್ರ ಡೆರ್ಕ್ ಮಾವ ಲಾರಿಗೆ ಹತ್ತಿಸಲಿಲ್ಲ. "ಅದು ಇಲ್ಲೇ ಇರ್ಲಿ, ಅಲ್ಲಿ ಬಾಗಿಲ ಮುಂದೆ ಕೂತ್ರೆ ಬರೀ ಎದುರುಮನೆ ಬಾಗಿಲೇ ಕಾಣ್ಸೋದು" ಅಂದನಂತೆ ಡ್ರೈವರಿಗೆ.

ಅಕ್ಟೋಬರಿನಲ್ಲಿ ಸುದ್ದಿ ಬಂದಾಗ ಚರ್ಚಿನ ಗಂಟೆಯನ್ನು ಆಗಲೇ ಇಳಿಸಿ ಬೇರೆ ಊರಿಗೆ ಒಯ್ದಿದ್ದರು. ಸತ್ತವರ ವಯಸ್ಸಿನಷ್ಟು ಸಲ ಬಾರಿಸಬೇಕಲ್ಲ. ಗಂಟೆ ಬಾರಿಸುತ್ತಿದ್ದವನ ವಿಧವೆ ಟ್ರೈಂಟ್ಯೆ ಅಜ್ಜಿ, ಗೋಪುರದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹಾಲಿನ ಡಬ್ಬದ ಮೇಲೆ ಸೌಟಿನಿಂದ ಐವತ್ತೆಂಟು ಸಲ ಹೊಡೆದಳು. ರೈಂಟ್ ಬಂದು, "ಅಜ್ಜಿ, ಏನಿದು ಅವತಾರ?" ಅಂದ. ಅಜ್ಜಿ, "ಮೂವತ್ತೊಂದು, ಸುಮ್ನಿರೋ, ಮೂವತ್ತೆರಡು" ಅಂದಳು. ಅವನು ಟೋಪಿ ತೆಗೆದು ಅಲ್ಲೇ ನಿಂತ. ಮರುದಿನ ಪಟ್ಟಣದ ಶವಸಂಸ್ಕಾರಕ್ಕೆ ಊರಿನಿಂದ ಬಂದವರು ಅಜ್ಜಿ ಮತ್ತು ಮೇಷ್ಟ್ರು ಇಬ್ಬರೇ. ನಾನು ಬರಲಿಲ್ಲ. ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇರಲಿಲ್ಲ.

ಮೊನ್ನೆ ವರ್ಷದ ಕೊನೆಯ ದಿನ ಅಮ್ಮ ಎಂದಿನಂತೆ ಸಿಹಿದೋಸೆಯ ಕಬ್ಬಿಣದ ಅಚ್ಚನ್ನು ಒಲೆಗಿಟ್ಟಳು. ಹಳೆ ವರ್ಷಕ್ಕೆ ಚಪ್ಪಟೆ ದೋಸೆ, ಯಾಕೆಂದರೆ ಅದರಲ್ಲಿದ್ದದ್ದೆಲ್ಲ ನೋಡಿಯಾಗಿದೆ. ಹೊಸ ವರ್ಷಕ್ಕೆ ಸುರುಳಿ ಸುತ್ತಿದ್ದು, ಯಾಕೆಂದರೆ ಒಳಗೇನಿದೆಯೋ ಗೊತ್ತಿಲ್ಲ. ಈ ಸಲ ಅಮ್ಮ ಹೊಸ ವರ್ಷದ್ದನ್ನೂ ಚಪ್ಪಟೆಯಾಗಿಯೇ ಬಿಟ್ಟಳು. "ಸುತ್ತಲ್ವೇನಮ್ಮ?" ಅಂದೆ. "ಒಳಗೇನಿದೆ ಅಂತ ಗೊತ್ತಲ್ಲ, ಸುತ್ತಿ ಏನಾಗ್ಬೇಕು" ಅಂದಳು.

ಎಳೆಯಲು ಊರಿನಲ್ಲಿ ಯಾರೂ ಇರಲಿಲ್ಲ. ಅವಳಿಗಳೂ ಪಟ್ಟಣದಲ್ಲಿ ರೈಂಟನ ತಂಗಿಯ ಮನೆ ಸೇರಿದ್ದಾರೆ. ನಾನೊಬ್ಬಳೇ ಎಳೆದೆ. ಅಜ್ಜಿಯ ಸ್ಟೂಲು, ಮೇಷ್ಟ್ರ ಸೈಕಲ್ಲು, ರೈಂಟನ ಹಿಟ್ಟಿನ ತೊಟ್ಟಿ, ನಮ್ಮದೇ ಗೇಟು. ಆಮೇಲೆ ನಿಮ್ಮ ಖಾಲಿ ಮನೆಯ ಹಿತ್ತಲಿನಿಂದ ಬೆಂಚು. ಅದು ಒಬ್ಬರು ಎಳೆಯುವಂಥದ್ದಲ್ಲ ಕಣೋ. ಐದು ಹೆಜ್ಜೆಗೊಮ್ಮೆ ಕೂತೆ, ಅದರ ಮೇಲೆಯೇ. ಬೆಳಿಗ್ಗೆ ಎಲ್ಲರೂ ಬಂದು ತಂತಮ್ಮದನ್ನು ಒಯ್ದರು. ರೈಂಟ್ ತೊಟ್ಟಿ ಹೊತ್ತು ಹೊರಟವನು ಬೆಂಚಿನ ಹತ್ತಿರ ನಿಂತು, "ಇದ್ಯಾರು ತಗೊಂಡ್ ಹೋಗ್ತಾರೆ?" ಅಂದ.

"ಯಜಮಾನ" ಅಂದೆ.

"ಬರ್ತಾನಾ?"

ಉತ್ತರ ನೀನು ಕೊಡಬೇಕು. ಪಟ್ಟಣದಿಂದ ಬಸ್ಸು ಒಡ್ಡಿನ ತಿರುವಿನವರೆಗೆ ಈಗಲೂ ಬರುತ್ತದೆ. ಬಾಗಿಲು ಮಾತ್ರ ಕಾಣುವ ಜಾಗವಾದರೂ ಸರಿ, ಫೆನ್ನ ಅತ್ತೆ ಅದರ ಮೇಲೆ ಕೂತುಕೊಳ್ಳಲಿ. ಆಚೆ ತುದಿ ನೀನು ಹಿಡಿದರೆ ಈಚೆ ತುದಿ ನಾನು ಹಿಡಿಯುತ್ತೇನೆ. ನೀನು ಮಾತಾಡದಿದ್ದರೂ ಪರವಾಗಿಲ್ಲ. ಅಲ್ಲಿಯವರೆಗೆ ಅತ್ತೆಯ ಎದೆ ಹಗುರವಾಗಿರಲಿ, ನಿನ್ನ ಕೆಲಸ ಕೈಗೂಡಲಿ, ನಿನ್ನ ಎರಡು ಕಿವಿಗಳೂ ಒಂದು ದಿನ ಸಮವಾಗಲಿ ಅಂತ ಆಶೀರ್ವದಿಸುತ್ತೇನೆ. ನಾನು ನಿನಗಿಂತ ಒಂದು ವರ್ಷ ಚಿಕ್ಕವಳು, ಆದರೆ ಇತಿಹಾಸಕಾರರಿಗೆ ವಯಸ್ಸಿಲ್ಲ.

ಇಂತು,
ಎಪ್ಪೆವೆರ್ಡಿನ ಅಧಿಕೃತ ಇತಿಹಾಸಕಾರಳು,
ಗೇಸ್ಕೆ

ಮರೆತ ಮಾತು: ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೇನೂ ಇಲ್ಲ. ಬೇಡ ಅಂತ ಮೊದಲು ಹೇಳಿದ್ದು ನಾನು.

ಆ ರಾತ್ರಿ ಅವಳಿಗಳು ಬೆಂಚನ್ನು ಆಗಲೇ ಎತ್ತಿದ್ದರು. ನಾನೂ ಒಂದು ತುದಿ ಹಿಡಿದಿದ್ದೆ. ಗೇಟಿನ ಹತ್ತಿರ ಬಂದಾಗ, "ಇಳಿಸಿ, ಈ ಮನೆ ಬೇಡ" ಅಂದೆ. ಒಬ್ಬ, "ಯಾಕೆ, ಸಹಿ ಮಾಡಿದ್ದಕ್ಕಾ?" ಅಂತ ಕೇಳಿದ. "ಹೂಂ" ಅಂದೆ. ಬೆಂಚನ್ನು ಬಾಗಿಲ ಮುಂದೆಯೇ ವಾಪಸ್ಸಿಟ್ಟೆವು. ಸಹಿಗೂ ನನಗೂ ಏನೂ ಸಂಬಂಧವಿರಲಿಲ್ಲ ವುಬ್ಬೊ. ಆ ಡಿಸೆಂಬರಿನ ಮೊದಲ ವಾರ, ಸಂತ ನಿಕೊಲಾಸನ ಹಬ್ಬದ ರಜೆಯಲ್ಲಿ ನೀನು ನಮ್ಮ ಅಡುಗೆಮನೆಯಲ್ಲಿ ಕೂತು, ಹಬ್ಬಕ್ಕೆ ನನಗೆ ಕೊಟ್ಟಿದ್ದ, ನನ್ನ ಹೆಸರಿನ ಮೊದಲಕ್ಷರದ ಆಕಾರದ ಚಾಕಲೇಟಿನಲ್ಲಿ ಅರ್ಧ ತಿಂದು, ನಗಿಸಿ, ಎದ್ದು ಹೋದೆ. ನೀವು ಊರು ಬಿಡುತ್ತೀರಿ ಅಂತ ನಿನಗೆ ಆಗಲೇ ಗೊತ್ತಿತ್ತು. ನನಗೆ ಹೇಳಲಿಲ್ಲ. ಹದಿನೈದು ದಿನದ ಮೇಲೆ ರೈಂಟ್ ಬ್ರೆಡ್ಡಿನ ಜೊತೆ ಹೇಳಿದ. ಅದಕ್ಕೆ. ಬರೀ ಅದಕ್ಕೆ. ಊರು ಅದನ್ನು ತನ್ನ ತೀರ್ಮಾನ ಅಂದುಕೊಂಡಿತು, ನಾನು ಅಲ್ಲ ಅನ್ನಲಿಲ್ಲ.

ಕೈ ಹಸಿರಾಗಿತ್ತಲ್ಲ, ಎಲ್ಲರಿಗೂ ಸೀಮೆಎಣ್ಣೆ ಹಾಕಿ ತಿಕ್ಕಿಸಿದೆ. ಬೆಳಿಗ್ಗೆ ನಿಮ್ಮಪ್ಪ ಎಲ್ಲರ ಕೈಗಳನ್ನೂ ನೋಡಿದ, ನನ್ನದನ್ನು ಮಾತ್ರ ಹಿಡಿದುಕೊಂಡ. ಮೂಗಿನ ಹತ್ತಿರ ತಂದ. ಆಮೇಲೆ ಬೇರೆ ಯಾರಿಗೂ ಕೇಳಿಸದ ಹಾಗೆ, "ಸೀಮೆಎಣ್ಣೆ ಹಚ್ಚಿದ್ಮೇಲೆ ಬೆಣ್ಣೆ ಹಚ್ಕೋಬೇಕು ಮಗಾ, ಇಲ್ದಿದ್ರೆ ಈ ಚಳೀಲಿ ಕೈ ಬಿರಿಯುತ್ತೆ" ಅಂದ.

ಈ ಸಲ ಬೆಂಚಿಗೆ ಬಣ್ಣ ಬಳಿದವಳು ನಾನೇ, ಸರಿಯಾಗಿ ಮೂರು ಗಂಟೆಗೆ. ಲಂಗವೂ ಹಸಿರಾಯಿತು, ಸೀಮೆಎಣ್ಣೆ ಮುಟ್ಟಿಲ್ಲ. ಕಾಗದದ ಕೆಳಗಿನ ಮೂಲೆಯಲ್ಲಿ ನೀನು ನೋಡುತ್ತಿರುವುದು ಶಾಯಿ ಅಲ್ಲ, ಡಬ್ಬದ ತಳದಲ್ಲಿ ಉಳಿದಿದ್ದ ಬಣ್ಣದಲ್ಲಿ ಅದ್ದಿ ಒತ್ತಿದ ನನ್ನ ಹೆಬ್ಬೆರಳು.